ಮನೆಯಲ್ಲಿ ಯೋಗಾಭ್ಯಾಸ: ಮೂರು ಆಕ್ಷೇಪಗಳಿಗೆ ಉತ್ತರ

ನಮ್ಮ ಸಂಘದ ಕಳೆದ ಗೋಷ್ಠಿಯಲ್ಲಿ ಯೋಗಶಾಸ್ತ್ರದ ವಿಚಾರ ಬಂದಾಗ, ವಯಸ್ಸಿನಲ್ಲಿಯೂ ವಿದ್ಯೆಯಲ್ಲಿಯೂ ಹಿರಿಯರಾದ ಮಹನೀಯರೊಬ್ಬರು ಮೂರು ಅಭಿಪ್ರಾಯಗಳನ್ನು ಸಾರಿದರು. ಗುರುವಿಲ್ಲದೆ ಮನೆಯಲ್ಲಿ ಯೋಗಾಭ್ಯಾಸಕ್ಕೆ ತೊಡಗುವುದು ಶಾಸ್ತ್ರವಿರುದ್ಧವೂ ಅಪಾಯಕರವೂ ಆದದ್ದೆಂಬುದು ಮೊದಲನೆಯದು. ಅರುವತ್ತು ದಾಟಿದವರಿಗೂ ರೋಗಿಗಳಿಗೂ ಅದರಲ್ಲಿ ಅಧಿಕಾರವಿಲ್ಲವೆಂಬುದು ಎರಡನೆಯದು. ಮೈಮುರಿದು ದುಡಿಯುವ ಮಲೆನಾಡಿನ ಜನಕ್ಕೆ, ಅದರಲ್ಲಿಯೂ ಗೃಹಿಣಿಯರಿಗೆ, ಅವರ ಕೆಲಸವೇ ಯೋಗವಾದುದರಿಂದ ಬೇರೆ ಆಸನಗಳ ಅವಶ್ಯಕತೆಯೇ ಇಲ್ಲವೆಂಬುದು ಮೂರನೆಯದು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನೆಂದು ಒಪ್ಪಿಕೊಳ್ಳಬೇಕು. ಹಿರಿಯರ ಮಾತಿಗೆ ಚಪ್ಪಾಳೆ ತಟ್ಟುವುದು ನನ್ನ ಕೈಗಳಿಗೆ ರೂಢಿಯಾಗಿಹೋಗಿದೆ. ಆದರೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ಆ ಮೂರನೆಯ ಮಾತನ್ನು ಹಿಂದೊಮ್ಮೆ ನಾನೇ ಆಡಿದ್ದೆನು. ಅದರ ಫಲವನ್ನು ಬೇರೊಬ್ಬರು ಅನುಭವಿಸಬೇಕಾಯಿತು. ಆದುದರಿಂದ ವಾಚಕಮಹಾಶಯರ ಮುಂದೆ ಈ ಮೂರು ಮಾತುಗಳನ್ನೂ ಪರೀಕ್ಷಿಸಲು ಹೊರಟಿದ್ದೇನೆ. ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಿ ಆಮೇಲೆ ಖಂಡಿಸಬೇಕೆಂಬುದು ಪಾಠಶಾಲೆಯಲ್ಲಿ ನಮಗೆ ಕಲಿಸಿದ ಕ್ರಮ. ಅದನ್ನೇ ಅನುಸರಿಸುತ್ತೇನೆ.

ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ಗುರೂಪದೇಶದ ಮಾತು ಮತ್ತೆ ಮತ್ತೆ ಬರುತ್ತದೆ. ಪ್ರಾಣಾಯಾಮವನ್ನು ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಣ್ಣುಕಿವಿಗಳ ಬೇನೆಗಳು ಉಂಟಾಗುವುವೆಂದು ಆ ಗ್ರಂಥವೇ ಎಚ್ಚರಿಸುತ್ತದೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕು, ಆತುರಪಟ್ಟರೆ ಅದು ಸಾಧಕನನ್ನೇ ಕೊಲ್ಲುವುದೆಂದೂ ಅಲ್ಲಿ ಹೇಳಿದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಕುಂಭಕ, ಬಂಧಗಳು, ಷಟ್ಕರ್ಮಗಳು, ತಲೆ ಕೆಳಗಾಗಿ ನಿಲ್ಲುವ ಶೀರ್ಷಾಸನ ಇವುಗಳನ್ನು ಬಲ್ಲವರ ಎದುರಿನಲ್ಲಿಯೇ ಕಲಿಯತಕ್ಕದ್ದು. ಆದರೆ ನೆಟ್ಟಗೆ ನಿಲ್ಲುವುದಕ್ಕೂ, ಕೈಗಳನ್ನು ಮೇಲೆತ್ತುವುದಕ್ಕೂ, ಬೆನ್ನನ್ನು ನೀಳವಾಗಿಸಿ ಕೂರುವುದಕ್ಕೂ, ಮಲಗಿ ಮೈಯನ್ನು ಸಡಿಲಬಿಡುವುದಕ್ಕೂ ಈ ಎಚ್ಚರಿಕೆಯನ್ನು ಹೊಂದಿಸುವುದು ಯಾವ ನ್ಯಾಯ? ಹೊಳೆಯಲ್ಲಿ ಸುಳಿಯಿದೆಯೆಂದು ಬಚ್ಚಲಿನಲ್ಲಿ ಸ್ನಾನಮಾಡುವವನನ್ನು ತಡೆಯಬಹುದೆ?

ಇನ್ನು ಯೋಗಾಭ್ಯಾಸದ ಸ್ಥಳವಾವುದೆಂದು ಅದೇ ಗ್ರಂಥವನ್ನು ಕೇಳೋಣ. ಚಿಕ್ಕದೊಂದು ಕುಟೀರ, ಸಣ್ಣ ಬಾಗಿಲು, ಅತಿ ಎತ್ತರವೂ ಅತಿ ತಗ್ಗೂ ಅಲ್ಲದ ನೆಲ, ಸೆಗಣಿಯಿಂದ ಚೆನ್ನಾಗಿ ಸಾರಿಸಿದ, ಹುಳುಹುಪ್ಪಟೆಗಳಿಲ್ಲದ ಏಕಾಂತಸ್ಥಳ: ಇವು ಅಲ್ಲಿ ಹೇಳಿರುವ ಲಕ್ಷಣಗಳು. ಭಗವದ್ಗೀತೆಯ ಆರನೆಯ ಅಧ್ಯಾಯವೂ ಶುಚಿಯಾದ ಸ್ಥಳದಲ್ಲಿ ಒಬ್ಬನೇ ಕೂರಬೇಕೆಂದು ವಿಧಿಸುತ್ತದೆ. ಈ ಲಕ್ಷಣಗಳು ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ನಮ್ಮ ಹಳೆಯ ಮನೆಗಳ ಒಳಕೋಣೆಗೆ ಒಪ್ಪುವಷ್ಟು ಪಟ್ಟಣದ ಸಭಾಭವನಕ್ಕೆ ಒಪ್ಪುತ್ತವೆಯೆ? ಮನೆಯಲ್ಲಿ ಅಭ್ಯಾಸಮಾಡಬಾರದೆಂದು ಶಾಸ್ತ್ರದ ಹೆಸರಿನಲ್ಲಿ ಹೇಳುವವರು ಆ ಶಾಸ್ತ್ರದ ಮೊದಲನೆಯ ಪ್ರಕರಣವನ್ನು ಮರೆತಿದ್ದಾರೆಂದು ವಿನಯದಿಂದಲೇ ಹೇಳಬೇಕಾಗಿದೆ.

ಚರಿತ್ರೆಯನ್ನೂ ನೋಡೋಣ. ಈ ಶತಮಾನದಲ್ಲಿ ಜಗತ್ತು ಯಾವ ಆಸನಗಳನ್ನು ಯೋಗವೆಂದು ಕರೆಯುತ್ತಿದೆಯೋ, ಅವುಗಳಲ್ಲಿ ಬಹುಭಾಗ ಮೈಸೂರಿನಿಂದ ಹೊರಟದ್ದು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಷಡ್ದರ್ಶನಗಳಲ್ಲಿ ಪಂಡಿತರಾಗಿದ್ದ ಅವರು ತಮ್ಮ ‘ಯೋಗಮಕರಂದ’ವನ್ನು 1934ರಲ್ಲಿ ಪ್ರಕಟಿಸಿದ್ದು ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ, ಅದೂ ಆಸನಗಳ ಚಿತ್ರಗಳೊಡನೆ. ಗುರುವಿನ ಅವಶ್ಯಕತೆಯನ್ನು ಅವರಷ್ಟು ಬಲವಾಗಿ ನಂಬಿದವರು ವಿರಳ. ಆದರೂ ಚಿತ್ರಸಹಿತವಾದ ಕನ್ನಡ ಪುಸ್ತಕವನ್ನು ಜನರ ಕೈಗಿತ್ತರು. ಕನ್ನಡ ಬಲ್ಲವರ ಮನೆಮನೆಗಳಿಗೆ ಈ ವಿದ್ಯೆ ಮುಟ್ಟಬೇಕೆಂಬ ಇಚ್ಛೆಯಿಲ್ಲದಿದ್ದರೆ ಇಷ್ಟು ಶ್ರಮವೇಕೆ?

ಅವರ ಶಿಷ್ಯರೂ ಬಂಧುಗಳೂ ಆದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರ ಕಥೆ ಇನ್ನೂ ಸ್ಪಷ್ಟವಾಗಿದೆ. ಗುರುವಿನಿಂದ ನೇರವಾಗಿ ಪಾಠ ದೊರೆತ ದಿನಗಳು ಬಹಳ ಸ್ವಲ್ಪವೆಂದು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋದ ಮೇಲೆ ದಿನಕ್ಕೆ ಹಲವು ಗಂಟೆಗಳ ಕಾಲ ಒಬ್ಬರೇ ಅಭ್ಯಾಸಮಾಡಿ, ತಪ್ಪಿ, ತಿದ್ದಿಕೊಂಡು, ಗೋಡೆ, ಕುರ್ಚಿ, ಕಂಬಳಿ, ಹಗ್ಗಗಳನ್ನೆಲ್ಲ ಸಾಧನಗಳನ್ನಾಗಿ ಮಾಡಿಕೊಂಡು ಅವರು ವಿದ್ಯೆಯನ್ನು ಸಂಪಾದಿಸಿದರು. 1966ರಲ್ಲಿ ಅವರ ಮಹಾಗ್ರಂಥವು ಇಂಗ್ಲಿಷಿನಲ್ಲಿ ಹೊರಬಂದ ಮೇಲೆ ಲೋಕದಾದ್ಯಂತ ಅಸಂಖ್ಯಾತ ಜನರು ಅದನ್ನು ಮನೆಯಲ್ಲಿ ತೆರೆದಿಟ್ಟುಕೊಂಡೇ ಮೊದಲ ಆಸನವನ್ನು ಕಲಿತರು. ಗುರು ಬೇಡವೆಂದು ನಾನು ಹೇಳುತ್ತಿಲ್ಲ. ಗುರು ಸಿಕ್ಕಿದರೆ ನಾಲ್ಕು ದಿನ ಹೋಗಿ ಕಲಿತು ಬರೋಣ, ವರ್ಷಕ್ಕೊಮ್ಮೆ ತೋರಿಸಿ ತಿದ್ದಿಸಿಕೊಳ್ಳೋಣ. ಆದರೆ ನಮ್ಮಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ಹಳ್ಳ. ದಿನಕ್ಕೆರಡು ಬಸ್ಸು ಬಂದರೆ ಭಾಗ್ಯ. ಇಂಥ ಕಡೆ ಒಂಟಿಮನೆಯ ಹೆಂಗಸಿಗೆ “ಗುರುವನ್ನು ಹುಡುಕಿಕೊಂಡು ಹೋಗು, ಇಲ್ಲವಾದರೆ ಸುಮ್ಮನಿರು” ಎನ್ನುವುದರ ಅರ್ಥ “ಸುಮ್ಮನಿರು” ಎಂಬುದೊಂದೇ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ತರುಣನಾಗಲಿ, ವೃದ್ಧನಾಗಲಿ, ಅತಿವೃದ್ಧನಾಗಲಿ, ರೋಗಿಯಾಗಲಿ, ದುರ್ಬಲನಾಗಲಿ ಆಲಸ್ಯವಿಲ್ಲದ ಅಭ್ಯಾಸದಿಂದ ಸಿದ್ಧಿ ಪಡೆಯುವನೆಂದು ಪ್ರದೀಪಿಕೆ ನೇರವಾಗಿ ಹೇಳುತ್ತದೆ. ಅದರ ಜೊತೆಯಲ್ಲಿಯೇ, ವೇಷ ಧರಿಸಿದರೂ ಯೋಗದ ಮಾತನ್ನಾಡಿದರೂ ಸಿದ್ಧಿಯಿಲ್ಲ, ಕ್ರಿಯೆಯಿಂದಲೇ ಸಿದ್ಧಿಯೆಂದೂ ಸೇರಿಸುತ್ತದೆ. ಈ ಎರಡನೆಯ ಭಾಗ ನನ್ನಂಥವರಿಗಾಗಿಯೇ ಬರೆದಂತಿದೆ. ಪತಂಜಲಿಯ ಸೂತ್ರಗಳನ್ನು ಹದಿನಾರನೆಯ ವಯಸ್ಸಿನಲ್ಲಿ ಭಾಷ್ಯಸಹಿತವಾಗಿ ಓದಿದೆನು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದೆನು. ಆಸನವು ಸ್ಥಿರವೂ ಸುಖವೂ ಆಗಿರಬೇಕೆಂಬುದರ ಮೇಲೆ ಒಂದು ಗಂಟೆ ಉಪನ್ಯಾಸ ಮಾಡಬಲ್ಲೆ. ಆದರೆ ನಿವೃತ್ತನಾದ ಮರುವರ್ಷ ಬಂಧುಗಳೊಬ್ಬರ ಮನೆಯ ಶ್ರಾದ್ಧದಲ್ಲಿ ಪಂಕ್ತಿಯಲ್ಲಿ ಕುಳಿತವನಿಗೆ ಮೊಣಕಾಲು ಮಡಚಲಾಗದೆ, ಎಲೆಯ ಮುಂದಿನಿಂದ ಎದ್ದು ಕುರ್ಚಿ ಕೇಳಬೇಕಾಯಿತು. ಸಂಧ್ಯಾವಂದನೆಯ ಪ್ರಾಣಾಯಾಮವೋ, ಮೂಗನ್ನು ಮುಟ್ಟಿ ಬಿಡುವಷ್ಟರಲ್ಲಿ ಮುಗಿಯುತ್ತಿತ್ತು. ಓದಿದ್ದು ನಾಲಗೆಯಿಂದ ಕೆಳಗೆ ಇಳಿದೇ ಇರಲಿಲ್ಲ. ಅಧಿಕಾರದ ಪ್ರಶ್ನೆಯನ್ನು ಎತ್ತುವ ಪಂಡಿತರು ಮೊದಲು ತಮ್ಮ ಮೊಣಕಾಲುಗಳನ್ನು ಕೇಳಲಿ.

ಈಗ ಮೂರನೆಯ ಆಕ್ಷೇಪ. ಕೆಲಸವೇ ಯೋಗವೆಂಬ ಮಾತು ಕೇಳಲು ಇಂಪಾಗಿದೆ. ಆ ಕೆಲಸ ಮಾಡದವರ ಬಾಯಲ್ಲಿ ಮತ್ತಷ್ಟು ಇಂಪಾಗಿದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಗಳ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಂಜೆ ಕುಳಿತರೆ ಏಳುವುದು ನಡುರಾತ್ರಿಗೆ. ಸುಲಿಯುವ ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿ ಇನ್ನೂ ಅಟ್ಟ ಸೇರಿಲ್ಲ. ಕುಳಿತವರ ಬೆನ್ನು ಮುಂದಕ್ಕೆ ಬಾಗಿರುತ್ತದೆ, ಕತ್ತು ತಗ್ಗಿರುತ್ತದೆ, ಒಂದೇ ಕೈ ಸಾವಿರ ಸಲ ಒಂದೇ ರೀತಿ ಆಡುತ್ತದೆ. ಅಂಗಳ ಗುಡಿಸುವುದೂ ಮುಂದಕ್ಕೆ ಬಾಗಿ. ಕೊಟ್ಟಿಗೆ ಬಾಚುವುದೂ ಮುಂದಕ್ಕೆ ಬಾಗಿ. ಸಸಿ ನೆಡುವುದೂ ಹಾಗೆಯೇ. ಗಂಡಸರು ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಕತ್ತನ್ನು ಕುಗ್ಗಿಸುತ್ತಾರೆ. ಹೀಗೆ ಕೆಲಸವು ದೇಹವನ್ನು ಒಂದೇ ಕಡೆಗೆ ಎಳೆಯುತ್ತದೆ. ಆಸನವಾದರೋ ಬಾಗಿದ್ದನ್ನು ನೆಟ್ಟಗಾಗಿಸುತ್ತದೆ, ಎಡಕ್ಕೆ ತಿರುಗಿದ್ದನ್ನು ಬಲಕ್ಕೂ ತಿರುಗಿಸುತ್ತದೆ, ಕೊನೆಗೆ ಎಲ್ಲವನ್ನೂ ವಿಶ್ರಾಂತಿಗೆ ತರುತ್ತದೆ. ಕೆಲಸದಲ್ಲಿ ಮನಸ್ಸು ಮುಗಿಯಬೇಕಾದ ರಾಶಿಯ ಮೇಲೆ ಇರುತ್ತದೆ. ಅಭ್ಯಾಸದಲ್ಲಿ ಉಸಿರಿನ ಮೇಲೆ ಇರುತ್ತದೆ. ಇವೆರಡನ್ನೂ ಒಂದೆನ್ನುವುದು ಎತ್ತಿಗೆ ನೊಗವನ್ನೇ ಹಾಸಿಗೆಯೆಂದು ತೋರಿಸಿದಂತೆ.

ಹಿಂದೊಮ್ಮೆ ತಾಲ್ಲೂಕಿನ ಪೇಟೆಯಲ್ಲಿ ಹತ್ತು ದಿನಗಳ ಯೋಗಶಿಬಿರವೊಂದು ನಡೆಯಿತು. ನನ್ನ ಗೃಹಿಣಿ ಅದಕ್ಕೆ ಹೋಗಿಬರಲೆ ಎಂದು ಕೇಳಿದಳು. ಆಕೆಗೆ ಆಗ ನಲವತ್ತರ ಆಸುಪಾಸು. ಸೊಂಟನೋವು ಆಗಷ್ಟೇ ಮೊದಲಾಗಿತ್ತು. ನಾನು ಗೀತೆಯ ಕರ್ಮಯೋಗವನ್ನು ಆಧಾರವಾಗಿಟ್ಟುಕೊಂಡು, ದಿನವಿಡೀ ದುಡಿಯುವವಳಿಗೆ ಪ್ರತ್ಯೇಕವಾದ ಯೋಗವೇಕೆಂದು ಚಮತ್ಕಾರವಾಗಿ ಹೇಳಿದೆನು. ಆಕೆ ಮರುಮಾತಾಡದೆ ಒಳಗೆ ಹೋದಳು. ನಾನು ವಾದದಲ್ಲಿ ಗೆದ್ದೆನೆಂದುಕೊಂಡೆ. ಇಪ್ಪತ್ತು ವರ್ಷಗಳ ಮೇಲೆ, ಮೆಟ್ಟುಗತ್ತಿಯ ಮುಂದಿನಿಂದ ಗೋಡೆ ಹಿಡಿಯದೆ ಆಕೆಗೆ ಏಳಲಾಗದೆಂಬುದನ್ನು ಕಂಡಾಗ ಆ ಗೆಲುವಿನ ಬೆಲೆ ತಿಳಿಯಿತು.

1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚರಿಸುತ್ತಿದ್ದಾಗ ಕೆಲವರು ಸ್ತ್ರೀಯರು ತಮಗೂ ಆಸನಗಳನ್ನು ಕಲಿಸಬೇಕೆಂದು ಕೇಳಿದರು. ಶಿಷ್ಯರಲ್ಲಿ ಕಿರಿಯನೆಂಬ ಕಾರಣದಿಂದ ಆ ಕೆಲಸ ಅಯ್ಯಂಗಾರರ ಪಾಲಿಗೆ ಬಂತು. ಗುರುಗಳು “ನಿಮಗೆ ಮನೆಗೆಲಸವೇ ಸಾಕು” ಎಂದು ಆ ಸ್ತ್ರೀಯರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಸಂಪ್ರದಾಯನಿಷ್ಠರಾದ ಆ ಶ್ರೀವೈಷ್ಣವ ಪಂಡಿತರಿಗೆ 1936ರಲ್ಲಿ ಇದ್ದ ಔದಾರ್ಯ, ಅವರಿಗಿಂತ ಎಷ್ಟೋ ಕಾಲದ ಮೇಲೆ ನನಗಿರಲಿಲ್ಲ. ನಮ್ಮ ಗೋಷ್ಠಿಗೆ ಇಂದಿಗೂ ಇಲ್ಲ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು 1996ರಲ್ಲಿ ದೇಹ ಬಿಡುವವರೆಗೂ ಈ ವಿದ್ಯೆಯನ್ನು ಜನರಿಗೆ ಹಂಚುವುದನ್ನೇ ವ್ರತವಾಗಿಸಿಕೊಂಡಿದ್ದರು. ಊರೂರು ಸುತ್ತಿ ಹಳ್ಳಿಗರಿಗೆ ಆಸನಗಳನ್ನು ಕಲಿಸಿದ ಆ ‘ತಿರುಕ’ರು ಯಾರ ಅಧಿಕಾರವನ್ನೂ ವಿಚಾರಿಸಿದಂತೆ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ ಅಭ್ಯಾಸವನ್ನು ಆರಂಭಿಸಿದವನು ನಾನಲ್ಲ. ಮೂರು ವರ್ಷಗಳ ಹಿಂದೆ ಆಷಾಢದ ಒಂದು ಬೆಳಗಿನ ಜಾವ ಎಚ್ಚರವಾಗಿ ನೋಡಿದರೆ, ಒಳಜಗಲಿಯಲ್ಲಿ ದೀಪವಿತ್ತು. ಗೃಹಿಣಿ ಗೋಡೆಗೆ ಎರಡು ಕೈಗಳನ್ನೂ ಊರಿ, ಸೊಂಟದಿಂದ ಬಾಗಿ ಬೆನ್ನನ್ನು ನೀಳಮಾಡಿ ನಿಂತಿದ್ದಳು. ನೆರೆಮನೆಯ ಹುಡುಗಿ ಕಾಲೇಜಿನಲ್ಲಿ ಕಲಿತ ನಾಲ್ಕಾರು ಆಸನಗಳನ್ನು ತೋರಿಸಿಕೊಟ್ಟಿದ್ದಳಂತೆ. ಎರಡು ತಿಂಗಳಿಂದ ನಡೆಯುತ್ತಿತ್ತಂತೆ. ನನಗೇಕೆ ಹೇಳಲಿಲ್ಲವೆಂದು ಕೇಳಿದೆನು. “ನಿಮ್ಮನ್ನು ಕೇಳಿದರೆ ಮತ್ತೆ ಶ್ಲೋಕ ಹೇಳುತ್ತೀರಿ ಎಂದು ಕೇಳಲಿಲ್ಲ,” ಎಂದಳು. ಮರುದಿನದಿಂದ ಆ ಗೋಡೆಯ ಇನ್ನೊಂದು ಕೊನೆಯಲ್ಲಿ ನಾನೂ ನಿಂತೆನು. ಇಂದು ಆಕೆಯ ನೋವು ತಗ್ಗಿದೆ, ಹೋಗಿಲ್ಲ. ನಾನು ಪಂಕ್ತಿಯಲ್ಲಿ ಊಟ ಮುಗಿಯುವವರೆಗೆ ಕೂರಬಲ್ಲೆ. ಇದಕ್ಕಿಂತ ದೊಡ್ಡ ಸಿದ್ಧಿಯೇನೂ ದೊರೆತಿಲ್ಲ. ಕಳೆದುಹೋದ ಇಪ್ಪತ್ತು ವರ್ಷಗಳು ಮಾತ್ರ ಯಾವ ಆಸನದಿಂದಲೂ ಹಿಂದಿರುಗುವುದಿಲ್ಲ.

ಪಂಡಿತರನ್ನು ಇಷ್ಟು ಖಂಡಿಸಿದ ಮೇಲೆ ಉತ್ಸಾಹಿಗಳನ್ನು ಬಿಟ್ಟರೆ ಪಕ್ಷಪಾತವಾದೀತು. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆಯು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಸಾರಿತು. 177 ರಾಷ್ಟ್ರಗಳು ಆ ನಿರ್ಣಯವನ್ನು ಜೊತೆಗೂಡಿ ಮಂಡಿಸಿದ್ದು ನಮಗೆಲ್ಲ ಹೆಮ್ಮೆಯ ವಿಷಯವೇ. 2015ರಿಂದ ಆ ದಿನವನ್ನು ಎಲ್ಲೆಡೆ ಆಚರಿಸುತ್ತಿದ್ದೇವೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಈ ಸೀಮೆಯಲ್ಲಿ ಅದು ಮುಂಗಾರು ಬಲಗೊಳ್ಳುವ ಹೊತ್ತು. ಕೊಳೆರೋಗದ ಭಯದಿಂದ ತೋಟಗಳಿಗೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಹೊಡೆಯಲು ಬಿಸಿಲಿನ ನಾಲ್ಕು ಗಳಿಗೆಗಾಗಿ ಕಾಯುವ ದಿನಗಳು. ಆದರೂ ಸಭಾಂಗಣ ತುಂಬುತ್ತದೆ, ಛಾಯಾಚಿತ್ರಗಳಾಗುತ್ತವೆ, ಭಾಷಣಗಳಾಗುತ್ತವೆ. ಜೂನ್ 22ರಂದು ಎಷ್ಟು ಮನೆಗಳಲ್ಲಿ ಚಾಪೆ ಬಿಚ್ಚಿತೆಂದು ಯಾರೂ ಕೇಳುವುದಿಲ್ಲ. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದರೆ ಮಾತ್ರ ದೃಢವಾಗುವುದೆಂದು ಪತಂಜಲಿ ಹೇಳಿದ್ದಾನೆ. ವರ್ಷಕ್ಕೊಂದು ದಿನವೆಂಬುದು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ? ಬಚ್ಚಿಟ್ಟರೆ ಈ ವಿದ್ಯೆಗೆ ವೀರ್ಯವುಂಟು, ಬಯಲುಮಾಡಿದರೆ ನಿರ್ವೀರ್ಯವಾಗುವುದೆಂದು ಪ್ರದೀಪಿಕೆ ಹೇಳಿದ್ದು ಛಾಯಾಚಿತ್ರದ ಯುಗಕ್ಕೆ ಎಷ್ಟು ಒಪ್ಪುತ್ತದೆ!

ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ತನ್ನ ದೇಹವನ್ನು ವಜ್ರವಾಗಿಸಿಕೊಂಡೆನೆಂಬ ಅಭಿಮಾನದಿಂದ ಆತ ಅಲ್ಲಮಪ್ರಭುವಿನ ಎದುರು ನಿಂತನು. ಕತ್ತಿಯ ಏಟಿಗೆ ಗೋರಕ್ಷನ ಮೈ ಖಣಿಲೆಂದಿತು; ಪ್ರಭುವಿನ ದೇಹದಲ್ಲಿ ಅದೇ ಕತ್ತಿ ಬಯಲಿನಲ್ಲಿ ಸುಳಿದಂತೆ ಸುಳಿಯಿತು. ಗೋರಕ್ಷನು ತಲೆಬಾಗಿದನು. ಮೈಯನ್ನು ಹಗ್ಗದಂತೆ ಹೊಸೆದು ತೋರಿಸಿ ಮೆಚ್ಚಿಗೆ ಪಡೆಯುವ ಇಂದಿನ ಆಡಂಬರಕ್ಕೆ ಕನ್ನಡಿಗರು ಆಗಲೇ ಉತ್ತರ ಕೊಟ್ಟಿದ್ದಾರೆ. ಅದರಂತೆಯೇ, ಆಸನದಿಂದ ಸಕಲ ವ್ಯಾಧಿಗಳೂ ಮಾಯವಾಗುವುವೆಂದು ಸಾರುವವರನ್ನೂ ನಂಬಬೇಡಿರಿ. ಇಂಥವರ ಮಾತು ಕೇಳಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ಬಿಟ್ಟು ಆಸ್ಪತ್ರೆ ಸೇರುವವರುಂಟು. ಯೋಗವು ವೈದ್ಯನ ಶತ್ರುವಲ್ಲ.

ಹಾಗಾದರೆ ಹೊಸಬನು ಮನೆಯಲ್ಲಿ ಹೇಗೆ ತೊಡಗಬೇಕು? ಖಂಡನೆಗೆ ಕೈಹಾಕಿದವನು ವಿಧಿಯನ್ನೂ ಹೇಳಬೇಕಾದುದರಿಂದ, ನಮ್ಮ ಅನುಭವಕ್ಕೆ ಬಂದಷ್ಟನ್ನು ಬರೆಯುತ್ತೇನೆ. ಸ್ಥಳಕ್ಕೆ ಒಂದು ಆಳುದ್ದ ನೆಲ, ಒಂದು ಗೋಡೆ ಸಾಕು. ಮಳೆಗಾಲದಲ್ಲಿ ನುಣುಪಾದ ನೆಲ ಬೆವರುವುದರಿಂದ ನಿಂತು ಮಾಡುವಾಗ ಜಾರುವ ಚಾಪೆ ಬೇಡ, ಬರಿಗಾಲೇ ಲೇಸು. ಮಲಗಿ ಮಾಡುವುದಕ್ಕೆ ಜಮಖಾನೆಯೋ ಕಂಬಳಿಯೋ ಆದೀತು. ಬೆಳಗಿನ ಜಾವ, ಶೌಚಾದಿಗಳಾದ ಮೇಲೆ, ಬರಿಹೊಟ್ಟೆಯಲ್ಲಿ. ಸಂಜೆಯಾದರೆ ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು.

ಮೊದಲು ಪಾದಗಳನ್ನು ಜೋಡಿಸಿ ತಾಡಾಸನದಲ್ಲಿ ನೆಟ್ಟಗೆ ನಿಂತು, ಉಸಿರಿನೊಡನೆ ಕೈಗಳನ್ನು ಮೇಲೆತ್ತಿ ಇಳಿಸಿರಿ. ಆಮೇಲೆ ಗೋಡೆಗೆ ಕೈಯೂರಿ ಸೊಂಟದಿಂದ ಬಾಗಿ ಬೆನ್ನನ್ನು ನೀಳಮಾಡಿರಿ. ಮಂಡಿ ಕೈಗಳ ಮೇಲೆ ನಿಂತು ಬೆಕ್ಕಿನಂತೆ ಬೆನ್ನನ್ನು ಮೇಲಕ್ಕೂ ಕೆಳಕ್ಕೂ ಆಡಿಸಿರಿ; ಮಂಡಿ ನೋಯುವವರು ಕೆಳಗೆ ಕಂಬಳಿ ಮಡಚಿಡಲಿ. ಬೋರಲು ಮಲಗಿ ಭುಜಂಗಾಸನದಲ್ಲಿ ಎದೆಯನ್ನು ಒಂದು ಗೇಣು ಎತ್ತಿದರೆ ಸಾಕು. ಕುರ್ಚಿಯಲ್ಲಿ ಅಡ್ಡಲಾಗಿ ಕುಳಿತು, ಒರಗು ಹಲಗೆಯನ್ನು ಹಿಡಿದು ಎಡಕ್ಕೂ ಬಲಕ್ಕೂ ಸಮವಾಗಿ ತಿರುಗಿರಿ. ಮಡಚಿದ ಕಂಬಳಿಯ ಮೇಲೆ ಸುಖಾಸನದಲ್ಲಿ ಕುಳಿತು ಉಸಿರು ಬರುವುದನ್ನೂ ಹೋಗುವುದನ್ನೂ ನೋಡಿರಿ, ಹಿಡಿಯಬೇಡಿರಿ. ಕೊನೆಗೆ ಐದು ನಿಮಿಷ ಶವಾಸನ. ಒಂದೊಂದರಲ್ಲಿಯೂ ಐದಾರು ಉಸಿರು. ಎಲ್ಲ ಸೇರಿ ಕಾಲು ಗಂಟೆ ಇಪ್ಪತ್ತು ನಿಮಿಷ. ಎಳೆತ ಸಹ್ಯ, ಚುಚ್ಚುವ ನೋವು ನಿಲ್ಲಿಸಬೇಕೆಂಬ ಸಂಜ್ಞೆ. ರಕ್ತದೊತ್ತಡ, ಹೃದಯರೋಗ, ಕಣ್ಣಿನೊಳಗಿನ ಒತ್ತಡ, ಬೆನ್ನುಮೂಳೆಯ ದೋಷ ಇರುವವರೂ, ಗರ್ಭಿಣಿಯರೂ, ಶಸ್ತ್ರಚಿಕಿತ್ಸೆಯಾದವರೂ ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ಇಷ್ಟೇ ಯೋಗವೆ ಎಂದು ಯಾರಾದರೂ ನಗಬಹುದು. ಇಷ್ಟೇ ಅಲ್ಲ. ಇನ್ನೂರಕ್ಕೆ ಸಮೀಪವಾದ ತನ್ನ ಸೂತ್ರಗಳಲ್ಲಿ ಪತಂಜಲಿ ಆಸನಕ್ಕೆ ಮೀಸಲಿಟ್ಟದ್ದು ಮೂರನ್ನು. ಅದಕ್ಕೆ ಮೊದಲು ಅಹಿಂಸೆಯಿದೆ, ಸತ್ಯವಿದೆ. ಆಮೇಲೆ ಧ್ಯಾನವಿದೆ, ಸಮಾಧಿಯಿದೆ. ಆದರೆ ಮೆಟ್ಟಿಲು ಚಿಕ್ಕದೆಂದು ಹತ್ತದೆ ನಿಂತವನು ಅಟ್ಟವನ್ನು ಕಾಣುವುದಿಲ್ಲ. ಅಹಿಂಸೆಯ ಮೊದಲ ಪಾಠವೂ ಇಲ್ಲಿಯೇ ಇದೆ: ತನ್ನ ದೇಹವನ್ನು ಹಿಂಸಿಸದಿರುವುದು, ತನ್ನ ಮನೆಯವರ ದೇಹ ನೋಯುತ್ತಿರುವಾಗ ಅದಕ್ಕೆ ಶಾಸ್ತ್ರದ ಮಾತುಗಳನ್ನು ಹೊದಿಸದಿರುವುದು.

ಗೋಷ್ಠಿಯ ಹಿರಿಯರಲ್ಲಿ ನನ್ನ ಬಿನ್ನಹವೊಂದೇ. ಮನೆಯಲ್ಲಿ ಯಾರಾದರೂ, ಮಗಳಾಗಲಿ ಸೊಸೆಯಾಗಲಿ ಹೆಂಡತಿಯಾಗಲಿ, ಬೆಳಿಗ್ಗೆ ಕಾಲು ಗಂಟೆ ಜಗಲಿಯನ್ನು ತಮಗೆ ಬಿಟ್ಟುಕೊಡಿರೆಂದು ಕೇಳಿದರೆ ವಾದಕ್ಕೆ ನಿಲ್ಲಬೇಡಿರಿ. ಒಲೆಯ ಮುಂದೆ ಆ ಹೊತ್ತು ನೀವು ಕುಳಿತು ಹಾಲು ಕಾಯಿಸಿರಿ. ಅದೂ ಒಂದು ಕರ್ಮಯೋಗವೇ ಆಗಿರುವುದರಿಂದ ನಿಮ್ಮ ಸಿದ್ಧಾಂತಕ್ಕೆ ಹಾನಿಯೇನೂ ಬಾರದು.